ಏಳು ಲೋಟ

ಬ್ಯಾಂಗರ್ ಊರಿನಲ್ಲಿ ಏಪ್ರಿಲ್ ಅಂದರೆ
ಇನ್ನೂ ಹಿಮ, ಚರಂಡಿಯ ಬದಿಗೆ ಕಪ್ಪಗೆ ಕೂತದ್ದು.
ಮನೆಯೊಡೆಯ ಆರಿನ್ ಟಿಬಡೋ, ಸೊಂಟದ ಕೀಲು ಬದಲಿಸಲು
ಪೋರ್ಟ್‌ಲ್ಯಾಂಡಿಗೆ ಹೊರಟ ಬೆಳಿಗ್ಗೆ
ನೆಲಮಾಳಿಗೆಯ ಬೀಗದಕೈ ನನ್ನ ಕೈಗಿಟ್ಟ.
"ಹನ್ನೊಂದು ದಿನ. ಏಳು ಲೋಟ.
ಪ್ರೀತಿ ಮಾಡಬೇಡ, ಬರೀ ನೋಡು."

ಬೇರೆಯವರ ಪ್ಯಾಂಟು ಗಿಡ್ಡ ಮಾಡಿ
ಬಾಡಿಗೆ ಕಟ್ಟುವವಳು ನಾನು.
ಗಾಂಜಾ ಅಂದರೆ ನನಗೆ ಪೇಪರಿನ ಮೂರನೇ ಪುಟ,
ಮುಖಕ್ಕೆ ಟವೆಲು ಹೊದ್ದ ನಾಲ್ವರು,
ಮೇಜಿನ ಮೇಲೆ ಪೊಟ್ಟಣ, ಹಿಂದೆ ಮೀಸೆಯ ಇನ್ಸ್‌ಪೆಕ್ಟರು.
ಇಲ್ಲಿ ಕಾನೂನು ಸುಮ್ಮನಿದೆ.
ಆದರೂ ಮೊದಲ ದಿನ ಮೆಟ್ಟಿಲಿಳಿಯುವಾಗ
ಸ್ವೆಟರಿನ ಹೆಗಲ ಮೇಲೆ ಸೆರಗು ಹುಡುಕಿತು ಕೈ.

ಕೆಳಗೆ, ಹಳೆಯ ದೋಣಿ ಇಂಜಿನ್ನಿನ ಪಕ್ಕ,
ಬಿಳಿ ದೀಪದಡಿ ಕಾಗದದ ಲೋಟಗಳು.
ಎರಡೆರಡು ದುಂಡನೆ ಎಲೆ, ನಡುವೆ
ಈಗಷ್ಟೇ ಹಲ್ಲು ಮೂಡಿದ ಇನ್ನೆರಡು.
ಒಂದರ ತಲೆ ಮೇಲೆ ಬೀಜದ ಸಿಪ್ಪೆ ಇನ್ನೂ,
ಕುಲಾವಿಯಂತೆ.
ತೆಗೆಯಲು ಹೋದ ಬೆರಳನ್ನು ಗೋಡೆಯ ಚೀಟಿ ತಡೆಯಿತು:
"ಅದೇ ಬಿಡಿಸಿಕೊಳ್ಳುತ್ತದೆ."

ಚೀಟಿಯ ತುಂಬ ಹೀಗೇ, ಪೆನ್ಸಿಲಿನಲ್ಲಿ,
ಸ್ಪ್ಯಾನರ್ ಹಿಡಿದವನ ಅಕ್ಷರ:
ಕೈ ತೊಳೆದು ಬಾ, ಸಾಬೂನು ಹಚ್ಚಿ.
ಲೋಟ ಎತ್ತಿ ನೋಡು, ಹಗುರಾದರೆ ಮಾತ್ರ ನೀರು.
ಫ್ಯಾನು ನಿಲ್ಲಿಸಬೇಡ. ಅಲುಗದ ಕಾಂಡ ನಿಲ್ಲಲಾರದು.

ನಕ್ಕೆ. ಸಸಿ ಏಳುವ ಪಾತಿಗೂ ಮಡಿ ಅನ್ನುತ್ತೇವೆ,
ಮುಟ್ಟಗೊಡದ ಅಜ್ಜಿಯ ಒದ್ದೆ ಸೀರೆಗೂ.
ಈ ಮುದುಕ ಎಲ್ಲಿ ಕಲಿತ ಎರಡನ್ನೂ?

ನವರಾತ್ರಿಗೆ ಅವ್ವ ಜಗುಲಿಯ ಕತ್ತಲಲ್ಲಿ
ಗೋದಿ ಚೆಲ್ಲಿ ಘಟ ಕೂಡಿಸುತ್ತಿದ್ದಳು.
ಒಂಬತ್ತು ದಿನಕ್ಕೆ ಗೇಣುದ್ದ, ನಿಂಬೆಹಳದಿ.
ಎತ್ತರ ಬಂದಷ್ಟೂ ಆ ವರ್ಷ ಛಲೋ.
ಕಿವಿಗೆ ಸಿಕ್ಕಿಸಿ ಓಣಿಯೆಲ್ಲ ಮೆರೆದಿದ್ದೆವು.
ಚೀಟಿಯ ಕೊನೆಯ ಸಾಲು:
"ತೆಳ್ಳಗೆ ಎತ್ತರ ಹೋದರೆ ಬೆಳಕಿಗೆ ಹಸಿದಿದೆ,
ದೀಪ ಕೆಳಗಿಳಿಸು."
ಇಂಜಿನ್ನಿನ ಮೇಲೆ ಕೂತುಬಿಟ್ಟೆ.
ಅಷ್ಟು ವರ್ಷ ಕಿವಿಗೆ ಮುಡಿದದ್ದು ಹಸಿವನ್ನೇ?

ಅಕ್ಕನ ಫೋನು. "ಏನದು ಸಪ್ಪಳ?"
"ಫ್ಯಾನು."
"ಥಂಡಿಯೊಳಗ ಫ್ಯಾನ್ ಯಾಕ?"
"ಮೆಣಸಿನ ಅಗಿ ಹಾಕೀನಿ."
"ಖಾರ ಬರ್ತಾವೇನ ಆ ಊರಾಗ?"
"ನೋಡಬೇಕು," ಅಂದೆ.

ಐದನೇ ದಿನ ಅಂಗಡಿಯಲ್ಲಿ
ಯಾರದೋ ಮದುವೆಯ ಗೌನು ಅಳತೆ ತಪ್ಪಿ ಕತ್ತರಿಸಿ
ಬೈಸಿಕೊಂಡು ಬಂದೆ.
ಯಾರಿಗಾದರೂ ಏನಾದರೂ ಕೊಡಬೇಕೆನಿಸಿ
ಆರನೆಯದಕ್ಕೆ ನೀರು ಹಾಕಿದೆ. ಮಲಗುವ ಮುಂಚೆ ಮತ್ತೆ.
ಬೆಳಿಗ್ಗೆ ಮಂಕಾಗಿ ಕಂಡಿತೆಂದು, ಮತ್ತೆ.
ಎಂಟನೇ ದಿನ ಮಣ್ಣಿನ ಮಟ್ಟದಲ್ಲಿ ಅದರ ಕಾಂಡ
ನೂಲಿನಷ್ಟು ಸಣ್ಣಗೆ, ಕಂದು.
ನೂಲು ನನಗೆ ಗೊತ್ತು.
ಅಲ್ಲಿ ಹಾಕುವ ಹೊಲಿಗೆ ಗೊತ್ತಿರಲಿಲ್ಲ.
ಒರಗಿತು.
"ಏಳು," ಅಂದೆ ಅದಕ್ಕೆ, ನಮ್ಮ ಮಾತಿನಲ್ಲಿ,
ಎಬ್ಬಿಸುವಾಗಲೂ ಎಣಿಸುವಾಗಲೂ ಒಂದೇ ಆದ ಮಾತು.
ಎಣಿಸಿದೆ. ಆರು.

ವಾಕರು ಹಿಡಿದು, ಮೆಟ್ಟಿಲಿಗೊಂದು ಫ್ರೆಂಚ್ ಬೈಗುಳ ಬೈದು
ಇಳಿದ ಆರಿನ್. ತಡೆದರೂ ಕೇಳಲಿಲ್ಲ.
ಮೊದಲು ಕೈ ತೊಳೆದ.
ಒಂದೊಂದೇ ಲೋಟ ಎತ್ತಿ ತೂಗಿದ,
ಎಲೆಯ ಕೆಳಗೆ ಇಣುಕಿದ, ಬಗ್ಗಲಾರದೆ
ಲೋಟವನ್ನೇ ಕಣ್ಣೆತ್ತರಕ್ಕೆ ತಂದು.
ಖಾಲಿಯದನ್ನೂ ತೂಗಿದ.
"ನೀರು," ಅಂತ ಶುರುಮಾಡಿದೆ.
"ನನ್ನದೂ ಮೊದಲನೆಯದು ಹಾಗೇ," ಅಂದ.
ಆಮೇಲೆ ಫ್ಯಾನಿಗೆ ಎದುರಾಗಿ ತಿರುಗಿ
ವಾಕರಿನಿಂದ ಎರಡೂ ಕೈ ತೆಗೆದ.
ಅಂಗಿ ಪಟಪಟ ಅಂತು. ಮೊಣಕಾಲು ನಡುಗಿದವು.
ಹಿಡಿಯಲು ಹೋಗಲಿಲ್ಲ ನಾನು.